ಬಿಳಿ ನೂಲು ಕಂಡ ದಿನವೇ ಸೂಜಿ ಹಿಡಿಯಬೇಕು

ಈ ಜೀನ್ಸ್‌ನ ವಯಸ್ಸನ್ನು ನಾನು ತಿಂಗಳುಗಳಲ್ಲಿ ಎಣಿಸಿಲ್ಲ, ತೊಟ್ಟ ದಿನಗಳಲ್ಲಿ, ದುರಸ್ತಿಗೆ ಕೂತ ದಿನಗಳನ್ನೂ ಸೇರಿಸಿ, ಎಣಿಸಿದ್ದೇನೆ. ಗೂಟಕ್ಕೆ ನೇತುಬಿದ್ದಿರುವ ದಿನ ಬಟ್ಟೆಗೆ ಏನೂ ಆಗುವುದಿಲ್ಲ. ಕೂತು, ಎದ್ದು, ನಡೆದು, ಸೈಕಲ್ ತುಳಿದ ದಿನಗಳಷ್ಟೇ ಅದರ ಮೈಮೇಲೆ ಗುರುತು ಬಿಡುತ್ತವೆ. ಇವತ್ತಿಗೆ 391 ದಿನ. ಒಂಬತ್ತು ಒಗೆತ, ತೊಡೆಸಂದಿಗೆ ಎರಡು ದುರಸ್ತಿ, ಅಲ್ಲಲ್ಲಿ ಚಿಕ್ಕಪುಟ್ಟ ಕೆಲಸ. ಎರಡು ದುರಸ್ತಿಗಳಲ್ಲಿ ಮೊದಲನೆಯದು ಕೆಟ್ಟಿತು. ಕೆಡಿಸಿದ್ದು ನನ್ನದೇ ಕೈ. ಟಿಪ್ಪಣಿ ಪುಸ್ತಕದಲ್ಲಿ ಗೀಚಿಟ್ಟಿದ್ದನ್ನು ಈಗ ಬಿಡಿಸಿ ಬರೆಯಲು ಮುಖ್ಯ ಕಾರಣ ಅದೇ.

ಬಟ್ಟೆಯ ಕುಲಗೋತ್ರವನ್ನು ಮೊದಲು ಹೇಳಿಬಿಡುತ್ತೇನೆ. ಇದು 14 ಔನ್ಸ್ ಡೆನಿಮ್. ಒಂದು ಚದರ ಗಜ ಬಟ್ಟೆ 14 ಔನ್ಸ್ ತೂಗುತ್ತದೆ ಎಂದರ್ಥ. ಮೆಟ್ರಿಕ್ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 475 ಗ್ರಾಂ. ಲಾಳಿ ಓಡುವ ಹಳೆಯ ಬಗೆಯ ಮಗ್ಗದಲ್ಲಿ ನೇಯ್ದದ್ದು. ಲಾಳಿ ಅತ್ತಿತ್ತ ಹೋಗಿಬರುವಾಗ ಅಡ್ಡಕ್ಕೆ ಓಡುವ ಹೊಕ್ಕುನೂಲು ಅಂಚಿನಲ್ಲಿ ತುಂಡಾಗದೆ ಮಡಚಿಕೊಂಡು ಹಿಂದಿರುಗುತ್ತದೆ, ಹಾಗಾಗಿ ಬಟ್ಟೆಯ ಎರಡೂ ಅಂಚು ತಾವಾಗಿಯೇ ಮುಚ್ಚಿಕೊಂಡಿರುತ್ತವೆ, ಎಳೆ ಬಿಡುವುದಿಲ್ಲ. ಸೆಲ್ವೆಜ್ ಎನ್ನುವುದು ಇದನ್ನೇ. ಮಗ್ಗದಿಂದ ಇಳಿಸಿದ ಮೇಲೆ ಈ ಬಟ್ಟೆಯನ್ನು ಕಾರ್ಖಾನೆಯಲ್ಲಿ ಒಗೆದಿಲ್ಲ, ಕಲ್ಲು ಹಾಕಿ ಯಂತ್ರದಲ್ಲಿ ತಿರುಗಿಸಿಲ್ಲ, ಕುಗ್ಗದಂತೆ ಹದ ಮಾಡಿಯೂ ಇಲ್ಲ. ನೇಯುವ ಮುಂಚೆ ಉದ್ದಕ್ಕೆ ಓಡುವ ಹಾಸುನೂಲಿಗೆ ಹಾಕಿದ ಗಂಜಿ ಹಾಗೆಯೇ ಮೈಯಲ್ಲಿತ್ತು. ಕೈಗೆ ಬಂದ ದಿನ ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು.

ದಿನ 0

ಕುಗ್ಗದಂತೆ ಹದ ಮಾಡುವ ವಿಧಾನಕ್ಕೆ ಸ್ಯಾನ್‌ಫರೈಸಿಂಗ್ ಎಂಬ ಹೆಸರು ಬಂದದ್ದು ಸ್ಯಾನ್‌ಫರ್ಡ್ ಕ್ಲೂಯೆಟ್ ಅವರಿಂದ. 1930ರ ಸುಮಾರಿಗೆ ಅವರು ತಂದ ಉಪಾಯ ಸರಳವಾದದ್ದು: ಬಟ್ಟೆಗೆ ಹಬೆ ಕೊಟ್ಟು, ಉದ್ದದ ದಿಕ್ಕಿನಲ್ಲಿ ಯಂತ್ರದಿಂದ ಒತ್ತಿ, ಮುಂದೆಂದೋ ಮನೆಯಲ್ಲಿ ಕುಗ್ಗಬೇಕಾದದ್ದನ್ನು ಕಾರ್ಖಾನೆಯಲ್ಲೇ ಕುಗ್ಗಿಸಿಬಿಡುವುದು. ಆ ಹದ ಕಾಣದ ಡೆನಿಮ್ ಮೊದಲ ನೀರಿಗೆ ಶೇಕಡ 7ರಿಂದ 10ರವರೆಗೂ ಕುಗ್ಗಬಲ್ಲದು. ಆದ್ದರಿಂದ ಮೊದಲು ಅಳತೆ, ಆಮೇಲೆ ನೀರು, ಕತ್ತರಿ ಕೊನೆಗೆ. ಈ ಕ್ರಮ ತಪ್ಪಿದರೆ ಕಾಲು ಗಿಡ್ಡವಾಗುವುದು ಖಂಡಿತ.

ನೆನೆಸುವ ಮುನ್ನ ಒಳಹೊಲಿಗೆಯ ಉದ್ದ 90 ಸೆಂಟಿಮೀಟರ್, ಸೊಂಟ 86. ಒಳಮೈ ಹೊರಗಾಗಿಸಿ, ಎಲ್ಲ ಗುಂಡಿಗಳನ್ನೂ ಹಾಕಿ, ಕೈ ಇಟ್ಟರೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟೆ. ಸಾಬೂನು ಹಾಕಲಿಲ್ಲ. ಅರ್ಧ ಗಂಟೆಗೆ ನೀರು ಕಂದಿ, ಬೆರಳಿಗೆ ಲೋಳೆಲೋಳೆಯಾಗಿ ತಾಗತೊಡಗಿತು. ಅದು ಗಂಜಿ. ಅದರ ಮೇಲೆ ನೀಲಿಯ ತೆಳುವಾದ ಕೆನೆ. ನೆರಳಿನಲ್ಲಿ ಒಣಗಿದ ಮೇಲೆ ಒಳಹೊಲಿಗೆ 83, ಸೊಂಟ 82. ಉದ್ದವೇ ಹೆಚ್ಚು ಕುಗ್ಗುವುದಕ್ಕೆ ಕಾರಣವಿದೆ. ಮಗ್ಗದ ಮೇಲೆ ಹಾಸುನೂಲನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೀರು ತಾಗಿದೊಡನೆ ಆ ಎಳೆತ ಸಡಿಲಿ ನೂಲು ತನ್ನ ಸಹಜ ಅಳತೆಗೆ ಮರಳುತ್ತದೆ. ಸೊಂಟವೋ ತೊಡುತ್ತ ತೊಡುತ್ತ ಮತ್ತೆ ಹಿಗ್ಗುತ್ತದೆ. ಎರಡು ವಾರದಲ್ಲಿ 84ಕ್ಕೆ ಬಂದು ನಿಂತಿತು. ಕಾಲಿನ ಹೊರಹೊಲಿಗೆ ಪಾದದ ಹತ್ತಿರ ಸ್ವಲ್ಪ ಮುಂದಕ್ಕೆ ತಿರುಗಿಕೊಂಡದ್ದನ್ನೂ ಗಮನಿಸಿದೆ. ಟ್ವಿಲ್ ನೇಯ್ಗೆಯ ಓರೆ ಗೆರೆಗಳು ಬಟ್ಟೆಯನ್ನು ಒಂದೇ ಪಕ್ಕಕ್ಕೆ ಎಳೆಯುತ್ತವೆ. ಹದ ಮಾಡದ ಡೆನಿಮ್‌ನಲ್ಲಿ ಈ ತಿರುಚು ಇದ್ದದ್ದೇ. ಇದನ್ನು ಸರಿಪಡಿಸಲು ಹೋಗಬಾರದು.

ಆಮೇಲೆ ಕಾಲುಗಳ ತುದಿಯಿಂದ ಆರಾರು ಸೆಂಟಿಮೀಟರ್ ಕತ್ತರಿಸಿ ಮಡಚಿ ಹೊಲಿಸಿದೆ. ಕತ್ತರಿಸಿದ ಎರಡು ಉಂಗುರಗಳನ್ನು ಎತ್ತಿಟ್ಟೆ. ಯಾರೂ ಅವನ್ನು ಬಿಸಾಡಬಾರದು. ನಿಮ್ಮ ಜೀನ್ಸ್‌ಗೆ ಸರಿಯಾಗಿ ಹೊಂದುವ ಬಟ್ಟೆ ಇನ್ನೆಲ್ಲೂ ಸಿಗುವುದಿಲ್ಲ, ಮತ್ತು ಈ ಬಟ್ಟೆ ಹೇಗೆ ಬಣ್ಣ ಬಿಡಲಿದೆ ಎಂಬುದನ್ನು ಮೊದಲೇ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ.

ನಾನು ತಿಳಿದದ್ದು ಹೀಗೆ. ಉಂಗುರದಿಂದ ಒಂದು ಹಾಸುನೂಲನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ಎಳೆದುಕೊಂಡೆ. ಕಿಟಕಿಯ ಬೆಳಕಿನಲ್ಲಿ ಹಿಡಿದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಎರಡು ಬೆರಳುಗಳ ನಡುವೆ ಹುರಿಯನ್ನು ಹಿಂದಕ್ಕೆ ತಿರುವಿ ಬಿಚ್ಚಿದಾಗ ಹೊರಗಿನ ಎಳೆಗಳು ದೂರ ಸರಿದು ಒಳಗಿನಿಂದ ಬಿಳಿ ಹತ್ತಿ ಕಂಡಿತು, ಒಂದಿಷ್ಟೂ ನೀಲಿ ತಾಗದ ಹತ್ತಿ. ಬ್ಲೇಡಿನಿಂದ ನೂಲನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಪೆನ್ಸಿಲನ್ನು ಕೊಯ್ದಂತಿತ್ತು: ಸುತ್ತ ನೀಲಿಯ ಬಳೆ, ನಡುವೆ ಬಿಳಿ ತಿರುಳು.

ಜೀನ್ಸ್‌ನ ಚೆಲುವೂ ಅದರ ಸವೆತವೂ ಈ ಬಳೆಯಲ್ಲೇ ಇವೆ. ನೀಲಿ, ಅಂದರೆ ಇಂಡಿಗೊ ಬಣ್ಣ, ನೀರಿನಲ್ಲಿ ಕರಗುವ ವಸ್ತುವಲ್ಲ. ಕ್ಷಾರದ ತೊಟ್ಟಿಯಲ್ಲಿ ಅದರ ಆಮ್ಲಜನಕದ ಹಿಡಿತವನ್ನು ರಾಸಾಯನಿಕವಾಗಿ ಸಡಿಲಿಸಿದರೆ ಮಾತ್ರ ಹಳದಿ ಮಿಶ್ರಿತ ಹಸಿರಾಗಿ ಕರಗುತ್ತದೆ. ಹಗ್ಗದಂತೆ ಒಟ್ಟುಗೂಡಿಸಿದ ನೂಲುಗಳು ಆ ತೊಟ್ಟಿಯಲ್ಲಿ ಕೆಲವೇ ಕ್ಷಣ ಮುಳುಗಿ ಗಾಳಿಗೆ ಏಳುತ್ತವೆ. ಗಾಳಿ ತಾಗಿದೊಡನೆ ಹಸಿರು ಮತ್ತೆ ನೀಲಿಗೆ ತಿರುಗಿ, ಕರಗದ ಕಣವಾಗಿ ನೂಲಿನ ಹೊರಮೈಗೆ ಕಚ್ಚಿಕೊಳ್ಳುತ್ತದೆ. ಹೀಗೆ ಹಲವು ಸಲ ಮುಳುಗಿಸಿ ಎತ್ತಿ ಪದರದ ಮೇಲೆ ಪದರ ಕಟ್ಟುತ್ತಾರೆ. ಒಳಕ್ಕೆ ಇಳಿಯಲು ಹೊತ್ತೇ ಸಿಗುವುದಿಲ್ಲ. ಹತ್ತಿಗೂ ನೀಲಿಗೂ ಗಟ್ಟಿಯಾದ ರಾಸಾಯನಿಕ ಬೆಸುಗೆಯಿಲ್ಲ, ಬರೀ ಅಂಟಿಕೊಂಡಿರುವ ನಂಟು. ಉಜ್ಜಿದರೆ ಕಣಗಳು ಉದುರುತ್ತವೆ. ಗಿಡದ ನೀಲಿಯಾದರೂ, 1897ರಿಂದ ಕಾರ್ಖಾನೆಗಳಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ನೀಲಿಯಾದರೂ ಈ ಗುಣ ಒಂದೇ. ಬಣ್ಣ ನಿಲ್ಲಲೆಂದು ವಿನೆಗರ್‌ನಲ್ಲಿ ನೆನೆಸುವವರಿದ್ದಾರೆ. ಬೆಸುಗೆಯೇ ಇಲ್ಲದ ಕಡೆ ವಿನೆಗರ್ ಯಾವುದನ್ನು ಗಟ್ಟಿಮಾಡೀತು? ಅದನ್ನು ಬಿಟ್ಟುಬಿಡಿ.

ದಿನ 1ರಿಂದ 170

ಮೊದಲ ತಿಂಗಳು ಬೆರಳುಗಳು, ಬಿಳಿ ಶೂಗಳ ನಾಲಿಗೆ, ಕುರ್ಚಿಯ ಮೆತ್ತೆ ಎಲ್ಲವೂ ನೀಲಿ. ಎರಡನೆಯ ತಿಂಗಳಿಗೆ ಬಟ್ಟೆ ನನ್ನ ಮೈಯನ್ನು ಓದತೊಡಗಿತು. ಕೂತಾಗ ತೊಡೆಯ ಮೇಲ್ಭಾಗದಲ್ಲಿ ಬೀಳುವ ಮಡಿಕೆಗಳ ನೆತ್ತಿ ಮಾತ್ರ ಉಜ್ಜಿಹೋಗಿ ಬೆಕ್ಕಿನ ಮೀಸೆಯಂಥ ಗೆರೆಗಳು ಮೂಡಿದವು. ಜಪಾನಿನವರು ಇವನ್ನು ಹಿಗೆ ಎನ್ನುತ್ತಾರೆ, ಅಂದರೆ ಮೀಸೆಯೇ. ಮೊಣಕಾಲಿನ ಹಿಂದೆ ಜೇನುಹುಟ್ಟಿನಂಥ ಬಲೆ. ಹೊರಹೊಲಿಗೆಯ ಒಳಗೆ ಬಿಡಿಸಿಟ್ಟ ಎರಡು ಅಂಚುಗಳು ಬಟ್ಟೆಯನ್ನು ಎತ್ತಿಹಿಡಿದ ಕಡೆ ರೈಲು ಹಳಿಯಂಥ ಜೋಡಿ ಗೆರೆ. ಕಾಲಂಚಿನಲ್ಲಿ ಹಗ್ಗ ಹೊಸೆದಂಥ ಓರೆ ಪಟ್ಟೆ. ಸರಪಳಿ ಹೊಲಿಗೆಯ ಯಂತ್ರ ಮಡಿಕೆಯ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಮನಾಗಿ ಎಳೆಯದೆ ಸ್ವಲ್ಪ ತಿರುಚುವುದರಿಂದ ಆಗುವಂಥದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೊಡೆಯ ಮುಂಭಾಗದ ಉದ್ದುದ್ದ ಎಳೆಗಳು. ಮಳೆ ಜಿನುಗಿದ ಕಿಟಕಿ ಗಾಜಿನಂತೆ ಕಡುನೀಲಿಯ ನಡುವೆ ತಿಳಿನೀಲಿ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹಾಸುನೂಲು ಎಲ್ಲ ಕಡೆಯೂ ಒಂದೇ ದಪ್ಪವಿಲ್ಲದಿದ್ದರೆ, ದಪ್ಪವಿರುವ ಕಡೆ ಅದು ಮೈಯಿಂದ ಒಂದು ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಉಜ್ಜುವ ಕೈಗೆ ಮೊದಲು ಸಿಗುವುದು ಅದೇ. ಸಮವಲ್ಲದ ನೂಲೇ ಈ ಬಟ್ಟೆಯ ಒಡವೆ.

110ನೆಯ ದಿನ ಮೊದಲ ಒಗೆತ. ಅಷ್ಟು ತಡಮಾಡಿದ್ದು ತಪ್ಪು ಎಂದು ಈಗ ಹೇಳುತ್ತೇನೆ. ಆರು ತಿಂಗಳು, ವರ್ಷ ಒಗೆಯದಿದ್ದರೆ ಗೆರೆಗಳು ಚೂಪಾಗಿ ಮೂಡುತ್ತವೆ ಎಂಬ ಮಾತು ಸುಳ್ಳಲ್ಲ. ಗಂಜಿ ಉಳಿದಷ್ಟು ದಿನ ಮಡಿಕೆ ಒಂದೇ ಜಾಗದಲ್ಲಿ ಬೀಳುತ್ತದೆ, ಅದರ ನೆತ್ತಿಯಷ್ಟೇ ಸವೆಯುತ್ತದೆ. ಆದರೆ ಆ ನೆತ್ತಿಯಲ್ಲಿ ಉದುರುವುದು ಬಣ್ಣ ಒಂದೇ ಅಲ್ಲ, ಹತ್ತಿಯ ಎಳೆಯೂ ಉದುರುತ್ತಿರುತ್ತದೆ. ನೂಲುಗಳ ನಡುವೆ ಕೂತ ಧೂಳು, ಬೆವರಿನ ಉಪ್ಪು, ಮೈಯ ಜಿಡ್ಡು ಸೇರಿ ಒಳಗಿನಿಂದಲೇ ಉಪ್ಪುಕಾಗದದ ಕೆಲಸ ಮಾಡುತ್ತವೆ. ಫ್ರೀಜರ್‌ನಲ್ಲಿಟ್ಟರೆ ಸಾಕು ಎನ್ನುವವರಿಗೂ ಇದೇ ಉತ್ತರ: ಚಳಿಗೆ ಸೂಕ್ಷ್ಮಜೀವಿಗಳು ನಿದ್ದೆ ಹೋದಾವು, ಧೂಳು ಮಾತ್ರ ಇದ್ದಲ್ಲೇ ಇರುತ್ತದೆ. ಈಗ 35 ದಿನಕ್ಕೊಮ್ಮೆ, ಒಳಮೈ ಹೊರಗಾಗಿಸಿ, ತಣ್ಣೀರಿನಲ್ಲಿ, ಬಿಳುಪುಕಾರಕವಿಲ್ಲದ ಮೃದುವಾದ ದ್ರವದಿಂದ ಕೈಯಲ್ಲೇ ಒಗೆಯುತ್ತೇನೆ. ಗೆರೆಗಳ ಅಂಚು ಸ್ವಲ್ಪ ಮೆತ್ತಗಾಗಿದೆ. ನನಗೆ ಅದರಿಂದ ಬೇಸರವಿಲ್ಲ.

ದಿನ 170

ಎರಡನೆಯ ಒಗೆತ ಮುಗಿದು ಒಣಗಿದ ಮೇಲೆ, ತೊಡೆಸಂದಿನಲ್ಲಿ ನಾಲ್ಕು ಹೊಲಿಗೆಗಳು ಕೂಡುವ ಜಾಗದಿಂದ ಎರಡು ಬೆರಳು ಹಿಂದಕ್ಕೆ, ಎಡಗಾಲಿನ ಕಡೆ, ಹೆಬ್ಬೆಟ್ಟಿನಗಲದ ಬಿಳುಪು ಕಂಡಿತು. ಮೀಸೆ ಗೆರೆಗಳ ಬಿಳುಪಿನಂಥದ್ದಲ್ಲ. ಹತ್ತಿರದಿಂದ ನೋಡಿದರೆ ಅಲ್ಲಿ ನೀಲಿ ನೂಲೇ ಇರಲಿಲ್ಲ. ಉದ್ದಕ್ಕೆ ಓಡುವ ಹಾಸು ಸವೆದು ತುಪ್ಪಳದಂತಾಗಿ, ಅಡ್ಡಡ್ಡ ಬಿಳಿ ಹೊಕ್ಕುನೂಲುಗಳು ಮಾತ್ರ ಏಣಿಯ ಮೆಟ್ಟಿಲುಗಳಂತೆ ಸಾಲಾಗಿ ಉಳಿದಿದ್ದವು. ಒಳಗೆ ದೀಪ ಹಿಡಿದಾಗ ಮೆಟ್ಟಿಲುಗಳ ನಡುವೆ ಬೆಳಕು ಸೂಜಿಮೊನೆಗಳಾಗಿ ತೂರಿಬಂತು.

ಡೆನಿಮ್‌ನ ನೇಯ್ಗೆಯಲ್ಲಿ ಹಾಸುನೂಲು ಮೂರು ಹೊಕ್ಕುಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಹೊರಮೈಯೆಲ್ಲ ಹಾಸಿನದೇ, ಅದಕ್ಕೇ ಹೊರಗೆ ನೀಲಿ, ಒಳಗೆ ಬಿಳಿ. ಉಜ್ಜಾಟದ ಪೆಟ್ಟನ್ನು ತಿನ್ನುವುದೂ ಹಾಸೇ. ಅದು ಸತ್ತ ಮೇಲೆ ಹೊಕ್ಕು ತಾನೊಂದೇ ಭಾರ ಹೊರಬೇಕು. ಅಂದರೆ ತೊಡೆಸಂದಿನಲ್ಲಿ ಬಿಳಿ ಏಣಿ ಕಂಡಾಗ ಬಟ್ಟೆಯ ಅರ್ಧ ಬಲ ಆಗಲೇ ಹೋಗಿದೆ, ಆದರೆ ಅದರ ಆಕಾರ ಇನ್ನೂ ಇದೆ. ದುರಸ್ತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ: ಮೆಟ್ಟಿಲುಗಳು ಇರುವಾಗ ಹೊಸ ಹಾಸನ್ನು ಅವುಗಳ ಮೇಲೆ ಹಾಯಿಸಬಹುದು.

ನಾನು ಹಾಯಿಸಲಿಲ್ಲ. ಇನ್ನೊಂದಿಷ್ಟು ದಿನ ಆಗಲಿ ಎಂದುಕೊಂಡು ತೊಟ್ಟೆ. ಸೊಂಟದಿಂದ ಜಾರುತ್ತಿದ್ದ ಜೀನ್ಸನ್ನು ಮೇಲೆಳೆದುಕೊಳ್ಳದೆ ಹಾಗೆಯೇ ನಡೆದೆ. ತೊಡೆಸಂದು ಮೈಯಿಂದ ಕೆಳಗೆ ಜೋತಷ್ಟೂ ಹೆಜ್ಜೆಹೆಜ್ಜೆಗೆ ಎರಡೂ ತೊಡೆಗಳ ಬಟ್ಟೆ ಒಂದನ್ನೊಂದು ಉಜ್ಜುತ್ತದೆ. ಸೈಕಲ್ ಸೀಟಿನ ಮೂಗು ಉಳಿದದ್ದನ್ನು ಮಾಡಿತು. 203ನೆಯ ದಿನ ಕೆಳಗೆ ಬಿದ್ದ ಕೀಲಿಗೊಂಚಲು ಎತ್ತಲು ಬಗ್ಗಿದಾಗ ಚರ್ ಎಂದು ಸದ್ದಾಯಿತು.

ದಿನ 204: ಕೆಟ್ಟ ದುರಸ್ತಿ

ತೂತು ಮೂರು ಸೆಂಟಿಮೀಟರ್. ಒಗೆದು ಒಣಗಿಸಿದೆ. ಕಾಲಂಚಿನ ಉಂಗುರವೊಂದನ್ನು ಬಿಚ್ಚಿ 14 ಔನ್ಸಿನ ಅದೇ ಬಟ್ಟೆಯಿಂದ ಚೌಕನೆಯ ತೇಪೆ ಕತ್ತರಿಸಿದೆ. ಉಂಗುರ ಆರೇ ಸೆಂಟಿಮೀಟರ್ ಅಗಲ, ಹಾಗಾಗಿ ತೇಪೆಯೂ ಆರೇ. ಅಂಚು ಎಳೆ ಬಿಡಬಾರದೆಂದು ನಾಲ್ಕೂ ಕಡೆ ಒಳಕ್ಕೆ ಮಡಚಿದೆ. ಒಳಗಿಟ್ಟು, ದಪ್ಪ ಪಾಲಿಯೆಸ್ಟರ್ ದಾರದಲ್ಲಿ, ಒತ್ತೊತ್ತಾದ ಹೊಲಿಗೆಯಿಂದ ಸುತ್ತಲೂ ಎರಡು ಸಾಲು, ನಡುವೆ ಗುಣಾಕಾರ ಚಿಹ್ನೆಯಂತೆ ಎರಡು ಸಾಲು. ಬಾಗಿಲಿಗೆ ಹಲಗೆ ಹೊಡೆದಂತೆ ಗಟ್ಟಿಯಾಗಿತ್ತು. ತೃಪ್ತಿಯಿಂದ ತೊಟ್ಟೆ.

23 ದಿನ ಬಂತು. 227ರಂದು ತೇಪೆಯ ಎಡ ಅಂಚಿನುದ್ದಕ್ಕೂ, ಹೊಲಿಗೆಯ ಸಾಲನ್ನೇ ಹಿಡಿದು, ಸ್ಕೇಲಿಟ್ಟು ಗೆರೆ ಎಳೆದಂತೆ ನಾಲ್ಕು ಸೆಂಟಿಮೀಟರ್ ಹರಿದಿತ್ತು. ತೇಪೆ ಒಂದು ಎಳೆಯೂ ಅಲುಗದೆ ಕೂತಿತ್ತು.

ರಫು ಕೆಲಸ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ತೇಪೆಯನ್ನು ನೋಡಲೇ ಇಲ್ಲ. ಅದರ ಸುತ್ತಲಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. "ನೀವು ತೂತನ್ನು ಅಳೆದಿದ್ದೀರಿ, ಸವೆದ ಜಾಗವನ್ನು ಅಳೆದಿಲ್ಲ" ಎಂದರು. ತೂತು ಮೂರು ಸೆಂಟಿಮೀಟರ್ ಆದರೂ ಅದರ ಸುತ್ತ ಬಟ್ಟೆ ತೆಳುವಾಗಿದ್ದ ಜಾಗ ಅಂಗೈಯಷ್ಟಿತ್ತು. ನನ್ನ ತೇಪೆಯ ಅಂಚು ಸರಿಯಾಗಿ ಆ ತೆಳು ಜಾಗದ ನಡುಮಧ್ಯೆ ಬಿದ್ದಿತ್ತು. ಮಡಚಿದ ಅಂಚು ಎರಡು ಪದರದ ಗಟ್ಟಿ ದಿಂಡು. ಅದರ ಪಕ್ಕದಲ್ಲೇ ಸವೆದ ಒಂಟಿ ಪದರ. ಹೆಜ್ಜೆ ಹಾಕಿದಾಗಲೆಲ್ಲ ಬಟ್ಟೆ ಬಗ್ಗುವುದು ಆ ಗಡಿಯಲ್ಲೇ. ಮೇಲಾಗಿ ಒತ್ತೊತ್ತು ಹೊಲಿಗೆ ಅಂಚೆಚೀಟಿಯ ತೂತುಗಳಂತೆ ಹರಿಯುವ ದಾರಿಯನ್ನು ಹಾಕಿಕೊಟ್ಟಿತ್ತು. ಪಾಲಿಯೆಸ್ಟರ್ ದಾರಕ್ಕೆ ಸವೆದ ಹತ್ತಿಗಿಂತ ಬಲ ಹೆಚ್ಚು; ಎಳೆತ ಬಿದ್ದಾಗ ದಾರ ಸೋಲುವುದಿಲ್ಲ, ಬಟ್ಟೆಯನ್ನು ಕೊಯ್ಯುತ್ತದೆ.

ಕಿಸೆಯ ಮೂಲೆಯ ತಾಮ್ರದ ರಿವೆಟ್‌ಗೂ ಈ ಪಾಠ ಅನ್ವಯಿಸುತ್ತದೆ. ಅಮೆರಿಕದ ರಿನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್, ಕಿಸೆಯ ಮೂಲೆ ಹರಿಯದಿರಲೆಂದು ರಿವೆಟ್ ಬಡಿದರು. 1873ರ ಮೇ 20ರಂದು ಅವರಿಗೂ ಲೀವೈ ಸ್ಟ್ರಾಸ್ ಅವರ ಸಂಸ್ಥೆಗೂ ಅದರ ಪೇಟೆಂಟ್ ಸಿಕ್ಕಿತು. ಬಟ್ಟೆ ಹೊಸದಾಗಿದ್ದು ದಪ್ಪಗಿರುವವರೆಗೆ ಆ ಲೋಹ ಕಾವಲು. ಬಟ್ಟೆ ಸವೆದು ತೆಳುವಾದ ಮೇಲೆ ಅದೇ ಲೋಹದ ಅಂಚು ಸುತ್ತಲಿನ ನೂಲನ್ನು ತಿನ್ನತೊಡಗುತ್ತದೆ. ನನ್ನ ಬಲಗಡೆಯ ಕಿಸೆಯ ಮೂಲೆಯಲ್ಲಿ 290ನೆಯ ದಿನದ ಹೊತ್ತಿಗೆ ಹಾಗೆಯೇ ಆಯಿತು.

ದಿನ 228ರಿಂದ 231: ಎರಡನೆಯ ದುರಸ್ತಿ

ತೇಪೆ ಬಿಚ್ಚಲು ಒಂದು ಸಂಜೆ ಪೂರ್ತಿ ಹೋಯಿತು. ಒತ್ತೊತ್ತು ಹೊಲಿಗೆಯನ್ನು ಎಳೆದು ಕೀಳುವಂತಿಲ್ಲ. ಮೂರನೆಯ ಹೊಲಿಗೆಗೊಮ್ಮೆ ದಾರವನ್ನು ಕತ್ತರಿಸಿ, ಹಿಂಬದಿಯಿಂದ ಚಿಮಟದಲ್ಲಿ ಎತ್ತಬೇಕು. ಮತ್ತೆ ಒಗೆದೆ. ಕೊಳೆ ಇರುವ ಬಟ್ಟೆಯ ಮೇಲೆ ರಫು ಮಾಡಿದರೆ ಧೂಳನ್ನು ಒಳಗಿಟ್ಟು ಹೊಲಿದಂತೆ.

ಸವೆದ ಜಾಗದ ಎಲ್ಲೆ ಗುರುತಿಸಲು ದೀಪವನ್ನು ಒಳಗಿಟ್ಟು, ಬೆಳಕು ಹೆಚ್ಚು ಹಾಯುವ ಕಡೆಯೆಲ್ಲ ದರ್ಜಿಯ ಸೀಮೆಸುಣ್ಣದಿಂದ ಸುತ್ತು ಹಾಕಿದೆ. ಎಡಗಾಲಿನಲ್ಲಿ 11 ಸೆಂಟಿಮೀಟರ್ ಉದ್ದ, 8 ಅಗಲದ ಮೊಟ್ಟೆಯಾಕಾರ ಬಂತು. ಬಲಗಾಲಿನಲ್ಲಿ ತೂತೇ ಇರಲಿಲ್ಲ, ಆದರೂ ಒಂದು ಚಿಕ್ಕ ಮೊಟ್ಟೆ ಅಲ್ಲಿಯೂ ಬೆಳಗಿತು. ಎರಡನ್ನೂ ಮಾಡಬೇಕೆಂದು ಆಗಲೇ ತೀರ್ಮಾನಿಸಿದೆ.

ಒಳಹೊಲಿಗೆಯನ್ನು ನಾಲ್ಕು ಹೊಲಿಗೆಗಳು ಕೂಡುವಲ್ಲಿಂದ ಕೆಳಕ್ಕೆ ಹತ್ತು ಸೆಂಟಿಮೀಟರ್ ಬಿಚ್ಚಿದೆ. ಈ ಜೀನ್ಸ್‌ನಲ್ಲಿ ಅದು ಓವರ್‌ಲಾಕ್ ಮಾಡಿ ಮೇಲೊಂದು ಸಾಲು ಹೊಲಿದದ್ದು, ಹಾಗಾಗಿ ಬಿಚ್ಚುವುದು ಸುಲಭವಾಯಿತು. ಬಿಚ್ಚದಿದ್ದರೆ ಬಟ್ಟೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ, ಮತ್ತು ಸವೆತ ಹೊಲಿಗೆಯ ಮಡಿಕೆಯೊಳಕ್ಕೂ ಹೋಗಿರುತ್ತದೆ. ತೂತಿನ ಸುತ್ತ ಜೋತಾಡುವ ತುಪ್ಪಳವನ್ನು ಕತ್ತರಿಸಿದೆ. ಉಳಿದಿದ್ದ ಬಿಳಿ ಹೊಕ್ಕುಗಳನ್ನು ಮುಟ್ಟಲಿಲ್ಲ, ಒಂದನ್ನೂ.

ಅಡಿಗೆ ಹಾಕಲು ಈ ಸಲ ಡೆನಿಮ್ ಬೇಡವೆಂದು ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಅಂಗಿಯ ಬೆನ್ನಿನ ಭಾಗ ತೆಗೆದುಕೊಂಡೆ. ಸೀಮೆಸುಣ್ಣದ ಗೆರೆಗಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದಾಗಿ, ಅದರ ಹಾಸು ಜೀನ್ಸ್‌ನ ಹಾಸಿನ ದಿಕ್ಕಿಗೇ ಬರುವಂತೆ ಕತ್ತರಿಸಿದೆ. ಅಂಚನ್ನು ಮಡಚಲಿಲ್ಲ, ಸುತ್ತಲೂ ಅರ್ಧ ಸೆಂಟಿಮೀಟರ್ ಎಳೆ ಬಿಡಿಸಿ ಕುಚ್ಚಿನಂತೆ ಬಿಟ್ಟೆ. ಹಾಗೆ ಮಾಡಿದರೆ ದಪ್ಪ ಒಮ್ಮೆಲೇ ನಿಲ್ಲದೆ ಕರಗುತ್ತ ಹೋಗುತ್ತದೆ. ಇಸ್ತ್ರಿಯಿಂದ ಅಂಟಿಸುವ ಅಂಟುಬಟ್ಟೆ ಬಳಸುವವರು ಬಹಳ. ಅದರಿಂದ ಬರುವ ಬಿರುಸು ನನಗೆ ಬೇಡವಾಗಿತ್ತು, ಕೈಯಿಂದ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿದೆ.

ದಾರ ತೆಳುವಾದ ಹತ್ತಿಯದು, 50ನೆಯ ನಂಬರ್. ಬಣ್ಣ ಆರಿಸುವಾಗ ಒಂದು ಸೂಕ್ಷ್ಮವಿದೆ. ಹೊಲಿಗೆ ದಾರದ ಬಣ್ಣ ನೀಲಿಯಂತೆ ಉದುರುವುದಿಲ್ಲ. ಇವತ್ತು ಬಟ್ಟೆಗೆ ಸರಿಯಾಗಿ ಹೊಂದುವ ದಾರ ಹಾಕಿದರೆ ಆರು ತಿಂಗಳಲ್ಲಿ ಬಟ್ಟೆ ತಿಳಿಯಾಗಿ ದಾರ ಮಾತ್ರ ಕಪ್ಪಗೆ ಉಳಿದು ಕಲೆಯಂತೆ ಕಾಣುತ್ತದೆ. ಆದ್ದರಿಂದ ಒಂದು ಮೆಟ್ಟಿಲು ತಿಳಿಯಾದ ನೀಲಿಯನ್ನೂ, ತೂತಿನ ನಡುಭಾಗಕ್ಕೆ ಬೂದುಬಣ್ಣವನ್ನೂ ಆರಿಸಿದೆ. ಮೊದಲ ವಾರ ಸ್ವಲ್ಪ ಎದ್ದು ಕಂಡಿತು. ಈಗ ಹುಡುಕಬೇಕು.

ಯಂತ್ರ ಮನೆಯಲ್ಲಿರುವ ಸಾಮಾನ್ಯ ಹೊಲಿಗೆ ಯಂತ್ರವೇ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ರಫು ಮಾಡುವ ಸ್ಪ್ರಿಂಗಿನ ಪಾದ ಹಾಕಿ, ಮೇಲಿನ ದಾರದ ಬಿಗಿಯನ್ನು ಒಂದಿಷ್ಟು ಸಡಿಲಿಸಿದೆ. ಸೂಜಿ 90ರದು, ಹೊಲಿಗೆಗಳು ಕೂಡುವ ದಪ್ಪ ಜಾಗಕ್ಕೆ 100ರದು. ಈಗ ಬಟ್ಟೆ ಹೋಗುವ ದಿಕ್ಕು, ವೇಗ ಎರಡೂ ಕೈಯಲ್ಲಿ. ಯಂತ್ರವನ್ನು ಜೋರಾಗಿ ಓಡಿಸಬೇಕು, ಬಟ್ಟೆಯನ್ನು ನಿಧಾನವಾಗಿ ಸರಿಸಬೇಕು. ಇದನ್ನು ತಿರುಗುಮುರುಗು ಮಾಡಿದರೆ ಉದ್ದುದ್ದ ಸಡಿಲ ಹೊಲಿಗೆ ಬಿದ್ದು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಉಂಗುರದ ತುಂಡಿನ ಮೇಲೆ ಅರ್ಧ ಗಂಟೆ ಅಭ್ಯಾಸ ಮಾಡಿದ ಮೇಲೆ ಕೈಗೆ ಲಯ ಸಿಕ್ಕಿತು.

ಹೊಲಿಗೆಯ ದಿಕ್ಕು ಹಾಸಿನದೇ: ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಸತ್ತದ್ದು ಹಾಸು, ಹಾಗಾಗಿ ಕೊಡಬೇಕಾದದ್ದೂ ಹಾಸನ್ನೇ. ಮೊದಲ ಸುತ್ತಿನಲ್ಲಿ ಮೊಟ್ಟೆಯಾಕಾರದ ಇಡೀ ಜಾಗಕ್ಕೆ ಮೂರು ಮಿಲಿಮೀಟರಿಗೊಂದು ಸಾಲು. ಎರಡನೆಯ ಸುತ್ತಿನಲ್ಲಿ ನಡುವಣ ತೆಳು ಭಾಗಕ್ಕೆ ಒಂದೊಂದು ಮಿಲಿಮೀಟರಿಗೆ. ಮೂರನೆಯದು ತೂತಿನ ಮೇಲೆ ಮಾತ್ರ, ಅಂಗಿಯ ಬಟ್ಟೆ ಕಾಣದಷ್ಟು ಒತ್ತಾಗಿ. ಪ್ರತಿ ಸಾಲನ್ನೂ ಬೇರೆ ಬೇರೆ ಕಡೆ ನಿಲ್ಲಿಸಿದೆ, ಒಂದು ಗೆರೆಗಿಂತ ಎರಡು ಸೆಂಟಿಮೀಟರ್ ಆಚೆ, ಇನ್ನೊಂದು ಅರ್ಧ ಸೆಂಟಿಮೀಟರ್ ಈಚೆ. ಸಾಲುಗಳ ತುದಿಗಳು ಒಂದೇ ಗೆರೆಯಲ್ಲಿ ನಿಂತರೆ ಮತ್ತೆ ಅಂಚೆಚೀಟಿಯೇ. ತೂತಿದ್ದ ಜಾಗಕ್ಕೆ ಅಡ್ಡ ಸಾಲುಗಳನ್ನೂ ಕೆಲವು ಹಾಕಿದೆ, ಕಳೆದುಹೋದ ಹೊಕ್ಕುಗಳ ಬದಲಿಗೆ.

ನಾಲ್ಕು ಹೊಲಿಗೆ ಕೂಡುವಲ್ಲಿ ಬಟ್ಟೆ ಗಂಟಿನಂತೆ ದಪ್ಪ. ಅಲ್ಲಿ ಪೆಡಲ್ ಒತ್ತಬಾರದು. ಮರದ ಸುತ್ತಿಗೆಯಿಂದ ನಾಲ್ಕೇಟು ಕೊಟ್ಟು ಮೆತ್ತಗೆ ಮಾಡಿಕೊಂಡು, ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಇಳಿಸಿದೆ. ಆದರೂ ಒಂದು ಸೂಜಿ ಮುರಿಯಿತು. ಅದರ ತುದಿ ಸಿಗುವವರೆಗೆ ಕೆಲಸ ನಿಲ್ಲಿಸಿ ಅಯಸ್ಕಾಂತ ಹಿಡಿದು ಹುಡುಕಿದೆ. ಕೊನೆಗೆ ಬಿಚ್ಚಿದ್ದ ಒಳಹೊಲಿಗೆಯನ್ನು ಮುಚ್ಚಿ, ಮೇಲ್ಸಾಲನ್ನು 110ರ ಸೂಜಿಯಲ್ಲಿ ದಪ್ಪ ದಾರದಿಂದ, ಮೂರು ಮಿಲಿಮೀಟರ್ ಉದ್ದದ ಹೊಲಿಗೆಯಲ್ಲಿ ಹಾಕಿದೆ. ಹಳೆಯ ಸೂಜಿತೂತುಗಳಲ್ಲೇ ಸೂಜಿ ಇಳಿಯುವಂತೆ ನೋಡಿಕೊಂಡೆ. ಬಲಗಾಲಿಗೆ ಮೊದಲಿನ ಎರಡು ಸುತ್ತು ಮಾತ್ರ. ತೂತಿಲ್ಲದ ಜಾಗದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ತೂತಿದ್ದ ಎಡಗಾಲು ಮೂರು ಸಂಜೆ ತಿಂದಿತು.

ದಿನ 232ರಿಂದ ಈಚೆಗೆ

ರಫು ಮಾಡಿದ ಜಾಗ ಮೊದಲ ದಿನ ಬಿಗಿಯಾಗಿತ್ತು, ಒಂದು ಒಗೆತಕ್ಕೆ ಮೆತ್ತಗಾಯಿತು. ಪ್ರತಿ ಒಗೆತದ ನಂತರವೂ ದೀಪ ಹಿಡಿದು ನೋಡುತ್ತಿದ್ದೇನೆ. 160 ದಿನಗಳಾದರೂ ಸಾಲುಗಳ ತುದಿಯಲ್ಲಿ ಎಲ್ಲಿಯೂ ಹೊಸ ಬೆಳಕು ತೂರಿಲ್ಲ.

ಚಿಕ್ಕ ಕೆಲಸಗಳನ್ನು ಬೇಗ ಹೇಳುತ್ತೇನೆ. 246ನೆಯ ದಿನ ಎಡಗಾಲಂಚಿನ ಹೊಲಿಗೆ ಒಂದು ಕಡೆ ಕಿತ್ತುಬಂತು. ಸರಪಳಿ ಹೊಲಿಗೆಯ ದೌರ್ಬಲ್ಯವೇ ಅದು. ಕೊನೆಯ ಕುಣಿಕೆ ಬಿಟ್ಟುಕೊಂಡರೆ ಎಳೆದಷ್ಟೂ ಬಿಚ್ಚುತ್ತ ಬರುತ್ತದೆ. ಜೋತಾಡುವ ದಾರವನ್ನು ಎಳೆಯಲೇಬಾರದು. ಕೊನೆಯ ಕುಣಿಕೆಯೊಳಗೆ ದಾರ ತೂರಿಸಿ ಗಂಟು ಹಾಕಿ, ಬಿಟ್ಟ ಜಾಗವನ್ನು ಸಾಮಾನ್ಯ ಹೊಲಿಗೆಯಿಂದ ಮುಚ್ಚಿದೆ. ಬಲಗಿಸೆಯ ಒಳಚೀಲ ಕೀಲಿಗೊಂಚಲಿಗೆ ತೂತಾಗಿತ್ತು. ಕೆಳಗಿನ ಅರ್ಧ ಕತ್ತರಿಸಿ ಗಟ್ಟಿ ಟ್ವಿಲ್ ಬಟ್ಟೆ ಜೋಡಿಸಿದೆ. ರಿವೆಟ್ ಸುತ್ತ ನೂಲು ಸವೆದಲ್ಲಿ ಒಳಗಿನಿಂದ ಅಂಗಿಯ ಬಟ್ಟೆಯಿಟ್ಟು, ರಿವೆಟ್‌ನಿಂದ ಸೂರ್ಯನ ಕಿರಣಗಳಂತೆ ಹೊರಕ್ಕೆ ಹೋಗುವ ಕೈಹೊಲಿಗೆ ಹಾಕಿದೆ, ಒಂದು ಉದ್ದ, ಒಂದು ಗಿಡ್ಡ.

ಬಲ ಮೊಣಕಾಲಿಗೆ 318ನೆಯ ದಿನ ಮೊಳೆ ತಾಗಿ ಎರಡು ಸೆಂಟಿಮೀಟರ್ ಸೀಳಿತು. ಇದು ಸವೆತವಲ್ಲ, ಗಾಯ. ಸುತ್ತಲಿನ ಬಟ್ಟೆ ಗಟ್ಟಿಯಾಗಿಯೇ ಇತ್ತು. ಇಂಥದ್ದಕ್ಕೆ ಅಡಿಬಟ್ಟೆ ಬೇಕಿಲ್ಲ. ಸೀಳಿನ ಕೆಳಗೆ ದುಂಡನೆಯ ಬಟ್ಟಲು ಬೋರಲು ಹಾಕಿ ಬಟ್ಟೆಯನ್ನು ಬಿಗಿಹಿಡಿದು, ಮೊದಲು ಉದ್ದಕ್ಕೆ ದಾರ ಹಾಯಿಸಿ, ಆಮೇಲೆ ಅಡ್ಡಕ್ಕೆ ಒಂದರ ಮೇಲೆ ಒಂದರ ಕೆಳಗೆ ಸೂಜಿ ತೂರಿಸುತ್ತ ಕೈಯಲ್ಲೇ ಚಿಕ್ಕದೊಂದು ಬಟ್ಟೆ ನೇಯ್ದೆ. ದಾರವನ್ನು ಎಳೆದು ಬಿಗಿ ಮಾಡಬಾರದು. ಮಾಡಿದರೆ ಮೊಣಕಾಲು ಮಡಚಿದಾಗ ಸುಕ್ಕು ಕಟ್ಟುತ್ತದೆ. ಒಂದೂವರೆ ಗಂಟೆ ಹಿಡಿಯಿತು. ಇಡೀ ಜೀನ್ಸ್‌ನಲ್ಲಿ ನಾನು ಆಗಾಗ ಬೆರಳಿಟ್ಟು ಸವರುವ ಜಾಗ ಅದು.

ನಿನ್ನೆ, 390ನೆಯ ದಿನ, ಎಡ ಮೊಣಕಾಲಿನ ಮೇಲೆ ಅಡ್ಡಡ್ಡ ಬಿಳಿ ಮೆಟ್ಟಿಲುಗಳು ನಾಲ್ಕು ಕಂಡವು. ದೀಪ ಹಿಡಿದೆ, ಬೆಳಕು ಇನ್ನೂ ತೂರುತ್ತಿಲ್ಲ. ಇವತ್ತು ಬೆಳಿಗ್ಗೆ ಒಗೆದು ಹಾಕಿದ್ದೇನೆ, ಅದು ಒಂಬತ್ತನೆಯ ಒಗೆತ. ಸಂಜೆಗೆ ಒಣಗುತ್ತದೆ. ಅಂಗಿಯ ಬಟ್ಟೆಯನ್ನು ಕತ್ತರಿಸಿ ಅಂಚಿನ ಎಳೆ ಬಿಡಿಸಿಟ್ಟಾಗಿದೆ, ಬಾಬಿನ್‌ಗೆ ತಿಳಿನೀಲಿ ದಾರ ಸುತ್ತಿದ್ದೇನೆ.